ಜಗಲಿ ಕ್ವಿಜ್‌ಗೆ ಪ್ರಶ್ನೆ ಹೆಣೆಯುವುದು ಹೇಗೆ?

ಮಳೆಗಾಲದಲ್ಲಿ ನಮ್ಮ ಹೊಸನಗರದ ಕಡೆ ಕರೆಂಟ್ ಹೋದರೆ ಮತ್ತೆ ಬರುವುದು ಯಾವಾಗಲೋ. ಆರು ವರ್ಷದಿಂದ ಭಾನುವಾರ ಸಂಜೆ ನಮ್ಮ ಮನೆ ಜಗಲಿಯಲ್ಲಿ ಕ್ವಿಜ್ ನಡೆಸುತ್ತಿದ್ದೇನೆ. ಮಕ್ಕಳು ಬರುತ್ತಾರೆ, ಅಜ್ಜಂದಿರೂ ಬರುತ್ತಾರೆ. ಪ್ರಶ್ನೆ ಎಲ್ಲಿಂದ ತರುತ್ತೀರಿ ಅಂತ ಕೇಳುವವರು ಜಾಸ್ತಿ. ಎಲ್ಲವೂ ಮನೆಯಲ್ಲೇ ಮಾಡಿದ್ದು. ಮಾಡುವ ಕ್ರಮ ಇಲ್ಲಿದೆ.

ಮೊದಲು ಕೈಗೆ ಸಿಗುವ ಒಂದು ವಸ್ತು ಹುಡುಕಿ. ಬಚ್ಚಲಲ್ಲಿರುವ ಮೈಸೂರು ಸ್ಯಾಂಡಲ್ ಸೋಪನ್ನೇ ತಗೊಳ್ಳಿ. 'ಇದರ ಎಣ್ಣೆ ತೆಗೆಯಲು ಶುರು ಮಾಡಿದ್ದು ಯಾವ ವರ್ಷ?' ಅಂತ ಕೇಳಿದರೆ ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಸುಮ್ನೆ ಕೂರುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ನಾನು ಹೀಗೆ ಕೇಳಿದೆ: 'ಮೊದಲನೇ ಮಹಾಯುದ್ಧ ಆಗದೇ ಇದ್ದಿದ್ದರೆ ಈ ಸೋಪು ಹುಟ್ಟುತ್ತಿತ್ತೋ ಇಲ್ಲವೋ. ಯಾಕೆ?' ಐದು ನಿಮಿಷ ಗುಸುಗುಸು ನಡೆಯಿತು. ಕೊನೆಗೆ ಏಳನೇ ಕ್ಲಾಸಿನ ಹುಡುಗಿ ಒಬ್ಬಳು, 'ಗಂಧ ಹಡಗಲ್ಲಿ ಹೋಗಲಿಲ್ವಾ?' ಅಂದಳು. ಅದೇ ಉತ್ತರ! ನಮ್ಮ ಗಂಧದ ಮರ ಯುರೋಪಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ವ್ಯಾಪಾರ ನಿಂತಿತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲ, ವಿಶ್ವೇಶ್ವರಯ್ಯ ದಿವಾನರು. 1916ರ ಹೊತ್ತಿಗೆ ಇಲ್ಲೇ ಎಣ್ಣೆ ತೆಗೆಯಲು ಶುರು ಮಾಡಿದರು, ಆಮೇಲೆ ಸೋಪು ಬಂತು. 1944ರಲ್ಲಿ ಶಿವಮೊಗ್ಗದಲ್ಲೂ ಗಂಧದೆಣ್ಣೆ ಕಾರ್ಖಾನೆಯಾಯಿತು. ಇಸವಿಗಳನ್ನು ಹೀಗೆ ಉತ್ತರದ ಜೊತೆ ಹೇಳಿ, ಮಕ್ಕಳಿಗೆ ನೆನಪಿರುತ್ತದೆ. ಡಬ್ಬಿಯ ಮೇಲಿರುವ ಪ್ರಾಣಿ ಯಾವುದು ಅಂತಲೂ ಕೇಳಿ. ಆನೆ ತಲೆ, ಸಿಂಹದ ಮೈ ಇರುವ ಶರಭ ಅದು.

ಯೋಚಿಸಿದರೆ ಉತ್ತರದ ಹತ್ತಿರ ಹೋಗುವಂತಿರಬೇಕು. ಪ್ರಶ್ನೆ ಮಾಡುವಾಗ ನಾನು ನೋಡುವುದು ಇದೊಂದನ್ನೇ.

ಊಟದ ಪ್ರಶ್ನೆಗೆ ಅವತ್ತಿನ ಅಡುಗೆಯೇ ಸಾಕು. ಸಾರಿನ ಪಾತ್ರೆ ತಂದಿಟ್ಟು, 'ಆರುನೂರು ವರ್ಷದ ಹಿಂದೆ ಇದರಲ್ಲಿ ಏನೇನು ಇರುತ್ತಿರಲಿಲ್ಲ?' ಅಂತ ಕೇಳಿ. ಟೊಮೆಟೊ ಅಂತ ಯಾರಾದರೂ ಹೇಳುತ್ತಾರೆ. ಮೆಣಸಿನಕಾಯಿ ಅಂದರೆ ಮಾತ್ರ ಜಗಲಿಯಲ್ಲಿ ಗಲಾಟೆ ಏಳುತ್ತದೆ. ನಮ್ಮ ಅತ್ತೆಯಂತೂ ಒಪ್ಪಲೇ ಇಲ್ಲ. 'ಸೂಜಿಮೆಣಸು ತೋಟದಲ್ಲಿ ತಾನಾಗೇ ಹುಟ್ಟುತ್ತದಲ್ಲೇ ಮಾರಾಯ್ತಿ' ಅಂದರು. ನಿಜ, ಹಕ್ಕಿ ಹಣ್ಣು ತಿಂದು ಬೀಜ ಬೀಳಿಸುತ್ತದೆ, ಗಿಡ ಏಳುತ್ತದೆ. ಆದರೆ ಮೆಣಸಿನಕಾಯಿ ಜಾತಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಬಂತು. ಪಾಯಸಕ್ಕೆ ಹಾಕುವ ಗೇರುಬೀಜ ಬ್ರೆಜಿಲ್ ಕಡೆಯದು. ಅನಾನಸು, ಪಪ್ಪಾಯಿ, ಆಲೂಗಡ್ಡೆಯೂ ಆಚೆಯವೇ. ಹಾಗಾದರೆ ಖಾರಕ್ಕೆ ಏನಿತ್ತು ಅಂತ ಅತ್ತೆ ಕೇಳಿದಾಗ ಮಕ್ಕಳೇ ಕೂಗಿದರು, 'ಕಾಳುಮೆಣಸು!' ಅದಂತೂ ನಮ್ಮ ಘಟ್ಟದ್ದೇ. ಆ ಸಂಜೆ ಪೂರ್ತಿ ಒಂದೇ ಪ್ರಶ್ನೆಯಲ್ಲಿ ಕಳೆಯಿತು. ಹಾಗಾದರೆ ಬಿಡಿ, ಅವಸರ ಮಾಡಬೇಡಿ.

ಕ್ರಿಕೆಟ್ ಹುಚ್ಚಿನ ಹುಡುಗರಿಗೂ ಒಂದು ಇಟ್ಟಿರಿ: 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕರಾಗಿದ್ದ ನಮ್ಮ ಹಾಲಿನ ಬ್ರ್ಯಾಂಡ್ ಯಾವುದು? ನಂದಿನಿ.

ಇತ್ತೀಚಿನ ಇತಿಹಾಸಕ್ಕೆ ಬಂದರೆ ಹುಷಾರಾಗಿರಿ. ಹಳೇ ನೋಟ್‌ಬುಕ್‌ನಿಂದ ಓದಿ, 'ಅಂಬಾರಗೋಡ್ಲಿನಿಂದ ಸಿಗಂದೂರಿಗೆ ಹೋಗಲು ಹಿನ್ನೀರನ್ನು ಯಾವುದರಲ್ಲಿ ದಾಟಬೇಕು?' ಅಂತ ಕೇಳಿದೆ. ಲಾಂಚ್, ಅಂದರೆ ವಾಹನಗಳನ್ನೂ ದಾಟಿಸುವ ದೊಡ್ಡ ದೋಣಿ, ಅನ್ನುವುದು ನಾನು ಬರೆದಿಟ್ಟ ಉತ್ತರ. ಪಕ್ಕದ ಮನೆ ಮಾಣಿ, 'ನಮ್ಮ ಕಾರಲ್ಲಿ' ಅಂದ. ಅವನು ಹೇಳಿದ್ದು ಸರಿ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಗಿತ್ತು. ಅವನಿಗೆ ಅಂಕ ಕೊಟ್ಟೆ. ಆಮೇಲೆ ಅಜ್ಜ ಒಬ್ಬರು ಲಾಂಚಿನಲ್ಲಿ ಬಸ್ಸು ಹತ್ತಿಸುತ್ತಿದ್ದ ದಿನಗಳನ್ನು ಹೇಳತೊಡಗಿದರು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಂತ ಮೇಲೆ ಆ ಕಡೆಯ ಜನ ದಾರಿ ಕಳೆದುಕೊಂಡರು. ಸೇತುವೆಗೆ ಅಷ್ಟು ವರ್ಷ ಕಾದಿದ್ದಾರೆ ಅಂತ ಮಕ್ಕಳಿಗೆ ಅವತ್ತೇ ಗೊತ್ತಾಗಿದ್ದು. ಅದಕ್ಕೇ ನಾನು ಪ್ರತಿ ತಂಡದಲ್ಲಿ ಒಬ್ಬ ಹಿರಿಯರನ್ನು, ಇಬ್ಬರು ಮಕ್ಕಳನ್ನು ಸೇರಿಸುತ್ತೇನೆ. ಪ್ರಶ್ನೆಯ ಪಕ್ಕ ಬರೆದ ತಾರೀಖನ್ನೂ ಹಾಕಿಟ್ಟುಕೊಳ್ಳಿ. ಶಿವಮೊಗ್ಗದ ಹೆಸರು ಅಧಿಕೃತವಾಗಿ ಬದಲಾಗಿದ್ದು (2014ರ ನವೆಂಬರ್ 1), ವಿಮಾನ ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟಿದ್ದು, ಇವು ಬೇಗ ಮುಗಿಯುವ ಪ್ರಶ್ನೆಗಳು. ನಡುವೆ ಒಂದೆರಡು ಸಾಕು.

ಮರದ ಪ್ರಶ್ನೆಯನ್ನು ಕೊನೆಗೆ ಇಡಿ. 'ಅಡಿಕೆ ಮರದ ಮೈಮೇಲೆ ಬಳೆ ಹಾಕಿದ ಹಾಗೆ ಗೆರೆಗಳಿವೆ, ಯಾಕೆ?' ಉತ್ತರ ಅವತ್ತು ಹೇಳಬೇಡಿ. ನಾನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಮೂವರು ಮಕ್ಕಳು ಕೊಡೆ ಹಿಡಿದು ತೋಟದಲ್ಲಿ ನಿಂತಿದ್ದರು. ಬಿದ್ದ ಅಡಿಕೆ ಸೋಗೆಯ ಹಾಳೆಯೊಂದರ ಬುಡವನ್ನು ಮರದ ಗೆರೆಗೆ ಸುತ್ತಿ ಅಳೆಯುತ್ತಿದ್ದರು.