ಪಕ್ಷ ಒಡೆದಾಗ ಮತದ ಲೆಕ್ಕ ಹಾಕುವುದು ಹೇಗೆ?

ದೊಡ್ಡ ಪಕ್ಷ ಹೋಳಾದರೆ ಎದುರಾಳಿಗೆ ಲಾಭ ಎಂದು ಚಹಾದಂಗಡಿಯಲ್ಲೂ ಹೇಳುತ್ತಾರೆ. ಎಷ್ಟು ಲಾಭ, ಯಾರ ಗಂಟಿನಿಂದ ಎಂದು ಕೂಡಿ ಕಳೆದು ನೋಡುವವರು ಕಡಿಮೆ. ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿ. ಅಭ್ಯಾಸಕ್ಕೆ 1912ರ ಅಮೆರಿಕ ಅಧ್ಯಕ್ಷ ಚುನಾವಣೆಯನ್ನು ತೆಗೆದುಕೊಳ್ಳೋಣ. ಅಲ್ಲಿ ಮುಖ್ಯವಾಗಿ ಎರಡು ಪಕ್ಷಗಳ ಆಟ, ಒಡೆದದ್ದು ರಿಪಬ್ಲಿಕನ್ ಪಕ್ಷ.

ಮೊದಲು, ಹಾಳೆಯಲ್ಲಿ ಎರಡು ಕಾಲಂ ಮಾಡಿ: ಪಕ್ಷದ ಕಚೇರಿ ಯಾರ ಕೈಯಲ್ಲಿದೆ, ಜನ ಯಾರ ಹಿಂದಿದ್ದಾರೆ. ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ತಾವೇ ಬೆಳೆಸಿ ಕೂರಿಸಿದ ಹಾಲಿ ಅಧ್ಯಕ್ಷ ವಿಲಿಯಂ ಟಾಫ್ಟ್ ವಿರುದ್ಧ ತಿರುಗಿಬಿದ್ದಿದ್ದರು. ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ ಒಳಚುನಾವಣೆ, ನಡೆದ ರಾಜ್ಯಗಳಲ್ಲಿ ಹೆಚ್ಚಿನವು ರೂಸ್‌ವೆಲ್ಟ್ ಪಾಲಾದವು. ಆದರೆ ಬಹುಪಾಲು ರಾಜ್ಯಗಳಲ್ಲಿ ಪ್ರೈಮರಿಯೇ ಇರಲಿಲ್ಲ, ಅಲ್ಲಿ ಪಕ್ಷದ ಮುಖಂಡರು ಹೇಳಿದ್ದೇ ನಡೆಯುತ್ತಿತ್ತು. ಅಭ್ಯರ್ಥಿಯನ್ನು ಆರಿಸುವ ಜೂನ್‌ನ ಚಿಕಾಗೊ ಅಧಿವೇಶನದಲ್ಲಿ ತಕರಾರಿದ್ದ 254 ಪ್ರತಿನಿಧಿ ಸ್ಥಾನಗಳಲ್ಲಿ 235 ಟಾಫ್ಟ್ ಬಣಕ್ಕೆ ಹೋದವು, ಟಿಕೆಟ್ಟೂ ಅವರಿಗೇ ಸಿಕ್ಕಿತು. ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಪ್ರೋಗ್ರೆಸಿವ್ ಪಕ್ಷ ಕಟ್ಟಿದರು. ಎರಡೂ ಕಾಲಂಗಳಲ್ಲಿ ಒಂದೇ ಹೆಸರು ಬಂದಿದ್ದರೆ ಬಂಡಾಯ ತಾನಾಗಿ ತಣ್ಣಗಾಗುತ್ತಿತ್ತು. ಬೇರೆಬೇರೆ ಹೆಸರು ಬಂತೋ, ಒಡಕು ಗಟ್ಟಿ ಎಂದು ತಿಳಿಯಿರಿ.

ಎರಡನೆಯದು ಹಿಂದಿನ ಚುನಾವಣೆಯ ಮತ. ಈ ಹಂತವನ್ನು ಹಾರಿಸಬೇಡಿ, ಗುಟ್ಟು ಇರುವುದೇ ಇಲ್ಲಿ. 1908ರಲ್ಲಿ ಟಾಫ್ಟ್‌ಗೆ ಸುಮಾರು 76.8 ಲಕ್ಷ ಮತ, ಸೋತ ಡೆಮಾಕ್ರಟ್ ಬ್ರಯಾನ್‌ಗೆ 64.1 ಲಕ್ಷ. 1912ರಲ್ಲಿ ರೂಸ್‌ವೆಲ್ಟ್‌ಗೆ 41.2 ಲಕ್ಷ, ಟಾಫ್ಟ್‌ಗೆ 34.9 ಲಕ್ಷ. ಕೂಡಿಸಿದರೆ 76.1 ಲಕ್ಷ, ಅಂದರೆ ಹಳೆಯ ಗಂಟು ಹೆಚ್ಚುಕಡಿಮೆ ಹಾಗೆಯೇ ಇದೆ! ಡೆಮಾಕ್ರಟ್ ವುಡ್ರೋ ವಿಲ್ಸನ್ ಪಡೆದದ್ದು ಸುಮಾರು 63 ಲಕ್ಷ. ಸೋತ ಬ್ರಯಾನ್‌ಗಿಂತ ಒಂದು ಲಕ್ಷದಷ್ಟು ಕಡಿಮೆ ಮತ ಪಡೆದವರು ಅಧ್ಯಕ್ಷರಾದರು.

ಇನ್ನು ರಾಜ್ಯವಾರು ಲೆಕ್ಕ. ಅಮೆರಿಕದಲ್ಲಿ ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಅಲ್ಲಿನ ಎಲೆಕ್ಟೋರಲ್ ಮತಗಳೆಲ್ಲ (ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೂ ಇರುವ ಮತಗಳು) ಸಿಗುತ್ತವೆ. ನ್ಯೂಯಾರ್ಕ್‌ನಲ್ಲಿ ವಿಲ್ಸನ್‌ಗೆ 6.55 ಲಕ್ಷ, ಟಾಫ್ಟ್‌ಗೆ 4.55 ಲಕ್ಷ, ರೂಸ್‌ವೆಲ್ಟ್‌ಗೆ 3.9 ಲಕ್ಷ. 45 ಎಲೆಕ್ಟೋರಲ್ ಮತವೂ ವಿಲ್ಸನ್‌ಗೇ. ಹೀಗೆ 48 ರಾಜ್ಯಗಳಲ್ಲಿ 40 ಅವರ ಕೈಸೇರಿದವು. ಒಟ್ಟು ಮತದಲ್ಲಿ ಶೇ 42ರಷ್ಟೂ ಇಲ್ಲ, ಎಲೆಕ್ಟೋರಲ್ ಮತ ಮಾತ್ರ 531ರಲ್ಲಿ 435. ರೂಸ್‌ವೆಲ್ಟ್‌ಗೆ 88. ಅಧಿಕಾರದಲ್ಲಿದ್ದ ಟಾಫ್ಟ್‌ಗೆ ದಕ್ಕಿದ್ದು ಯೂಟಾ, ವರ್ಮಾಂಟ್‌ಗಳ ಎಂಟು.

ನಮ್ಮಲ್ಲಿ 2013ನ್ನು ನೆನಪಿಸಿಕೊಳ್ಳಿ. ಯಡಿಯೂರಪ್ಪ ಕೆಜೆಪಿ ಕಟ್ಟಿದಾಗ ಬಿಜೆಪಿ 110ರಿಂದ 40ಕ್ಕೆ ಇಳಿಯಿತು, ಕೆಜೆಪಿಗೆ ಬಂದದ್ದು ಆರು. ಕಾಂಗ್ರೆಸ್‌ನ ಮತ ಏರಿದ್ದು ಶೇ 2ರೊಳಗೆ, ಸೀಟು 80ರಿಂದ 122ಕ್ಕೆ. ಜೆಡಿಎಸ್, ಶ್ರೀರಾಮುಲು ಪಕ್ಷಗಳೂ ಕಣದಲ್ಲಿದ್ದವಾದ್ದರಿಂದ ಇದು ಇಬ್ಬರ ಆಟವಲ್ಲ. ಆದರೂ ಹೆಚ್ಚು ಮತ ಬಂದವನೇ ಗೆದ್ದ ಎಂಬ ನಿಯಮ ಎರಡೂ ಕಡೆ ಒಂದೇ.

ಕೂಡಿಸಿದ ಮೊತ್ತವನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಟಿವಿ ಚರ್ಚೆಗಳಲ್ಲಿ ಎಡವುವುದು ಇಲ್ಲೇ. ರೂಸ್‌ವೆಲ್ಟ್ ಕಣದಲ್ಲಿ ಇಲ್ಲದಿದ್ದರೆ ಅವರ ಮತವೆಲ್ಲ ಟಾಫ್ಟ್‌ಗೆ ಬೀಳುತ್ತಿರಲಿಲ್ಲ. ವಿಲ್ಸನ್ ಕೂಡ ಸುಧಾರಣೆಯ ಮಾತನ್ನೇ ಆಡುತ್ತಿದ್ದವರು. ಒಂದಿಷ್ಟು ಜನ ಅತ್ತ ಹೋಗುತ್ತಿದ್ದರು, ಕೆಲವರು ಮನೆಯಲ್ಲೇ ಉಳಿಯುತ್ತಿದ್ದರು. ಬಂಡಾಯಗಾರನ ಮತವನ್ನು ಮೂರು ಪಾಲು ಮಾಡಿ, ಪಾಲಿನ ಗಾತ್ರ ಬದಲಿಸುತ್ತ ಲೆಕ್ಕ ಹಾಕಿ ನೋಡಿ.

ಕೊನೆಗೆ, ಮುಂದಿನ ಚುನಾವಣೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. 1916ರಲ್ಲಿ ರೂಸ್‌ವೆಲ್ಟ್ ಹೊಸ ಪಕ್ಷದ ಟಿಕೆಟ್ ನಿರಾಕರಿಸಿ ರಿಪಬ್ಲಿಕನ್ ಅಭ್ಯರ್ಥಿ ಹ್ಯೂಸ್ ಬೆನ್ನಿಗೆ ನಿಂತರು. ಬಣಗಳು ಮೇಲ್ನೋಟಕ್ಕೆ ಒಂದಾದವು, ಮನಸ್ಸು ಕೂಡಿರಲಿಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ಹಿರಾಂ ಜಾನ್ಸನ್ 1912ರಲ್ಲಿ ರೂಸ್‌ವೆಲ್ಟ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು. ಪ್ರಚಾರಕ್ಕೆ ಬಂದ ಹ್ಯೂಸ್ ಲಾಂಗ್ ಬೀಚ್‌ನಲ್ಲಿ ಜಾನ್ಸನ್ ಇದ್ದ ಹೋಟೆಲಿನಲ್ಲೇ ಇದ್ದರೂ ಅವರನ್ನು ಕಾಣದೆ ಹೊರಟುಹೋದರು. ನವೆಂಬರ್‌ನಲ್ಲಿ ಜಾನ್ಸನ್ ಭಾರಿ ಅಂತರದಿಂದ ಸೆನೆಟ್‌ಗೆ ಆರಿಸಿಬಂದರು. ಅದೇ ರಾಜ್ಯದಲ್ಲಿ ಹ್ಯೂಸ್ ವಿಲ್ಸನ್ ಎದುರು ನಾಲ್ಕು ಸಾವಿರದೊಳಗಿನ ಮತಗಳಿಂದ ಸೋತರು. ಅಲ್ಲಿನ 13 ಎಲೆಕ್ಟೋರಲ್ ಮತ ಸಿಕ್ಕಿದ್ದರೆ ಅಧ್ಯಕ್ಷರಾಗುತ್ತಿದ್ದವರು ಹ್ಯೂಸ್.