ಶಹಾಬಾದ್ ಕಲ್ಲಿನ ಮೇಲೆ ಅಳೆದ ನಡಿಗೆ: ನನ್ನ ಅನುಭವ

ನಾನು ಹುಬ್ಬಳ್ಳಿಯ ಉಣಕಲ್ ಕಡೆಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನಗೆ ಲಕ್ವಾ ಹೊಡೆದದ್ದು 2022ರ ಪಂಚಮಿ ಹಬ್ಬಕ್ಕೆ ಒಂದು ವಾರ ಮೊದಲು. ಹಬ್ಬದ ಬ್ಲೌಸು ರಾಶಿ ಬಿದ್ದಿದ್ದವು. ಬೆಳಿಗ್ಗೆ 5ಕ್ಕೆ ಎದ್ದು ಮಷಿನ್ ಮುಂದೆ ಕೂತೆ, ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳೋಣ ಅಂದರೆ ಬಲಗೈ ಬರಲಿಲ್ಲ. ಏಳಲು ಹೋದರೆ ಬಲಗಾಲು ಇದ್ದೂ ಇಲ್ಲದ ಹಾಗೆ. "ವಾಯು ಹಿಡದಿರಬೇಕು, ಎಣ್ಣಿ ತಿಕ್ಕಿದ್ರ ಹೋಗ್ತದ" ಅಂತ ಮನೆಯವರು ಎಣ್ಣೆ ತಿಕ್ಕುತ್ತಾ ಕೂತರು. ಆಸ್ಪತ್ರೆ ಮುಟ್ಟಿದಾಗ 11 ಗಂಟೆ. ಸಿಟಿ ಸ್ಕ್ಯಾನ್ ಮಾಡಿ, ರಕ್ತಸ್ರಾವ ಇಲ್ಲ, ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿದೆ ಅಂದರು. ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ, ನಮಗೆ ಹೊತ್ತು ಮೀರಿತ್ತು. ಇನ್ನೊಂದು ಮಾತು, ನಾನು ಆರು ತಿಂಗಳಿಂದ ಬಿಪಿ ಗುಳಿಗೆ ಬಿಟ್ಟಿದ್ದೆ, ಏನೂ ತ್ರಾಸ ಇಲ್ವಲ್ಲ ಅಂತ. ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಬಿಟ್ಟಿದ್ದರೆ ಇದನ್ನು ಓದುವುದು ನಿಲ್ಲಿಸಿ ಮೊದಲು ಅವರನ್ನು ಕೇಳಿ.

ಆಸ್ಪತ್ರೆಯಲ್ಲಿ ಎರಡನೇ ದಿನ ಫಿಸಿಯೋಥೆರಪಿಯ ಹುಡುಗಿ ಬಂದಳು. ಬರೀ ಮಂಚದ ಅಂಚಿಗೆ ಕೂಡಿಸಿದಳು, ಅಷ್ಟೇ. ಈಗಲೇ ಎಬ್ಬಿಸಿ ನಡೆಸಿ ಅಂತ ನನ್ನ ತಮ್ಮ ಹಟ ಹಿಡಿದ. ಮೊದಲ 24 ಗಂಟೆಯಲ್ಲೇ ಪದೇ ಪದೇ ಎಬ್ಬಿಸಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ ಅಂತ 2015ರಲ್ಲಿ ದೊಡ್ಡ ಅಧ್ಯಯನವೊಂದು ತೋರಿಸಿದೆ, ಹಂತ ಹಂತವಾಗಿ ಹೋಗೋಣ ಅಂತ ಅವಳು ತಿಳಿಸಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಅಂದದ್ದು ನನಗೆ ಇವತ್ತಿಗೂ ನೆನಪಿದೆ: "ನಿಮ್ಮ ಕಾಲಿಗೆ ಏನೂ ಆಗಿಲ್ರೀ ಅಕ್ಕಾರ. ಕಾಲಿಗೆ ಹೇಳೋ ಮಿದುಳಿಗೆ ಆಗೇದ. ಮಾಡಿದ್ದನ್ನ ಮತ್ತ ಮತ್ತ ಮಾಡಿದ್ರ ಮಿದುಳಿನ ಬಾಜೂಕಿನ ಜಾಗ ಆ ಕೆಲಸ ಕಲೀತದ."

ಇದು ಗೊತ್ತಿದ್ದೂ ಡಿಸ್ಚಾರ್ಜ್ ಆದ ಮೇಲೆ ಸಂಬಂಧಿಕರ ಮಾತಿಗೆ ಒಂದು ಹಳ್ಳಿಗೆ ಮದ್ದಿಗೆ ಹೋದೆವು. 15 ದಿನ ಪಥ್ಯ, ಎಣ್ಣೆ, ಕಾಲು ನೆಲಕ್ಕೆ ಊರಬಾರದು. ಮೊದಲ ಮೂರು ತಿಂಗಳೇ ಕಾಲು ಬೇಗ ಕಲಿಯುವ ಕಾಲ, ಅದರಲ್ಲಿ 15 ದಿನ ಮಲಗಿ ಕಳೆದೆ. ವಾಪಸ್ ಬಂದಾಗ ಪಾದ ಕೆಳಗೆ ಜೋತುಬಿದ್ದು ಹಿಮ್ಮಡಿಯ ಹಿಂದಿನ ಸ್ನಾಯು ಬಿಗಿದು ಹಗ್ಗದ ಹಾಗಾಗಿತ್ತು. ಆ 15 ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎಲ್ಲರೂ ನಡಿಗೆ ನಡಿಗೆ ಅಂತಾರೆ. ನನ್ನ ಲೆಕ್ಕದಲ್ಲಿ ನಡಿಗೆ ಬಂದದ್ದು ಕುರ್ಚಿಯಿಂದ. ಪ್ಲಾಸ್ಟಿಕ್ ಕುರ್ಚಿ ಬೇಡ, ಅದು ಜಾರುತ್ತದೆ. ಕಟ್ಟಿಗೆಯ ಕುರ್ಚಿಯನ್ನು ಗೋಡೆಗೆ ಹಚ್ಚಿ ಇಟ್ಟು, ಅದರ ಮೇಲೆ ನಮ್ಮವ್ವ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆವು, ಕೂಡುವ ಜಾಗ ಎತ್ತರ ಆದಷ್ಟೂ ಏಳುವುದು ಸುಲಭ ಅಲ್ವಾ. ಎರಡೂ ಪಾದ ಮೊಣಕಾಲಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು. ಸೋತ ಪಾದ ಗಟ್ಟಿ ಪಾದಕ್ಕಿಂತ ಸ್ವಲ್ಪ ಹಿಂದೆ ಇರಬೇಕು, ಆಗ ಭಾರ ಸೋತ ಕಾಲಿನ ಮೇಲೇ ಬೀಳುತ್ತದೆ. ಮೂಗು ಕಾಲಿನ ಹೆಬ್ಬೆರಳು ದಾಟುವಷ್ಟು ಮುಂದೆ ಬಗ್ಗಿ ಏಳಬೇಕು. ಕೂಡುವಾಗ ದೊಪ್ಪಂತ ಬೀಳದೆ ನಿಧಾನಕ್ಕೆ ಇಳಿಯಬೇಕು, ನನಗೆ ಅದೇ ಜಾಸ್ತಿ ಕಷ್ಟ ಆಗಿದ್ದು. ಮೊದಲ ದಿನ 5 ಸಲ, ಅದಕ್ಕೇ ಬೆವರಿಳಿಯಿತು. ವಾರಕ್ಕೊಂದು ಮಡಿಕೆ ಬಿಚ್ಚುತ್ತಾ ಬಂದೆ. ದೀಪಾವಳಿ ಹೊತ್ತಿಗೆ ಕೌದಿಯೇ ಇಲ್ಲದ ಕುರ್ಚಿಯಿಂದ ದಿನಕ್ಕೆ 60 ಸಲ, ಮೂರು ಸರದಿಯಲ್ಲಿ. ಆಮೇಲೆ ಗಟ್ಟಿ ಕಾಲಿನ ಕೆಳಗೆ ಮಣೆ ಇಟ್ಟು ಏಳತೊಡಗಿದೆ. ಗಟ್ಟಿ ಕಾಲನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲಾ ಕೆಲಸ ಅದೇ ಮಾಡಿಬಿಡುತ್ತದೆ, ಸೋತದ್ದು ಸೋತೇ ಉಳಿಯುತ್ತದೆ, ಅದಕ್ಕೇ ಮಣೆ.

ನಡಿಗೆ ಶುರು ಮಾಡಿದ್ದು ಪಡಸಾಲೆಯಲ್ಲಿ. ನಮ್ಮ ಪಡಸಾಲೆಗೆ 2 ಅಡಿಯ ಶಹಾಬಾದ್ ಕಲ್ಲು ಹಾಸಿದ್ದಾರೆ, ಉದ್ದಕ್ಕೆ 7 ಕಲ್ಲು. ಮಗಳು ಹಳೆ ಜೀನ್ಸ್ ಬಟ್ಟೆಯಿಂದ 4 ಇಂಚು ಅಗಲದ ಪಟ್ಟಿ ಹೊಲಿದು ಎರಡೂ ಕಡೆ ಹಿಡಿಕೆ ಹಚ್ಚಿ ನನ್ನ ನಡುವಿಗೆ ಕಟ್ಟಿದಳು, ಹಿಂದಿನಿಂದ ಅದನ್ನೇ ಹಿಡಿಯುತ್ತಿದ್ದಳು. ದಯವಿಟ್ಟು ಯಾರೂ ಸೋತ ಕೈಯ ರಟ್ಟೆ ಹಿಡಿದು ಎಬ್ಬಿಸಬೇಡಿ. ಶಕ್ತಿ ಇಲ್ಲದ ಭುಜ ಕೀಲಿನಿಂದ ಕೆಳಗೆ ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ಕೋಲು ಗಟ್ಟಿ ಕೈಯಲ್ಲಿ, ನನಗೆ ಎಡಗೈಯಲ್ಲಿ.

ಮೊದಲು ಒಂದೊಂದು ಕಲ್ಲಿಗೆ ನಾಲ್ಕು ಹೆಜ್ಜೆ. ಪಾದ ಎತ್ತಲು ಬಾರದೆ ಕಾಲನ್ನು ಹೊರಗಿನಿಂದ ಸುತ್ತು ಹಾಕಿ ತರುತ್ತಿದ್ದೆ, ಕುಡಗೋಲು ಬೀಸಿದ ಹಾಗೆ. ಭಾರ ಹಾಕಿದರೆ ಮೊಣಕಾಲು ಲಟಕ್ಕಂತ ಹಿಂದಕ್ಕೆ ಹೋಗುತ್ತಿತ್ತು. ನಾನು ಅಳತೆಯ ಕೆಲಸದವಳು, ಕಣ್ಣಂದಾಜಿನ ಮೇಲೆ ನನಗೆ ನಂಬಿಕೆ ಇಲ್ಲ. ಬಟ್ಟೆಗೆ ಗೆರೆ ಎಳೆಯುವ ಚಾಕ್‌ಪೀಸ್‌ನಿಂದ ಹಿಮ್ಮಡಿ ಊರಿದ ಜಾಗಕ್ಕೆಲ್ಲ ಮಗಳು ಗುರುತು ಹಾಕುತ್ತಿದ್ದಳು, ಆಮೇಲೆ ಟೇಪು ಹಿಡಿದು ಅಳೆಯುತ್ತಿದ್ದೆವು. ಎಡ ಹೆಜ್ಜೆ 3 ಇಂಚು, ಬಲ ಹೆಜ್ಜೆ 9 ಇಂಚು. ಸೋತ ಕಾಲಿನದ್ದೇ ಉದ್ದ ಹೆಜ್ಜೆ, ಇದೇನಿದು ಅಂತ ನಾನೂ ಗಾಬರಿಯಾದೆ. ಯಾಕೆ ಗೊತ್ತಾ? ಎಡಗಾಲು ಎತ್ತುವಾಗ ಬಲಗಾಲೊಂದರ ಮೇಲೇ ನಿಲ್ಲಬೇಕು, ಆ ಭಯಕ್ಕೆ ಎಡಗಾಲನ್ನು ಬೇಗ ಬೇಗ ಊರುತ್ತಿದ್ದೆ. ಅಲ್ಲಿಂದ ನನ್ನ ಗಮನವೆಲ್ಲ ಬಲಗಾಲಿನ ಮೇಲೆ ಒಂದು ಎರಡು ಎಣಿಸುವಷ್ಟು ಹೊತ್ತು ನಿಲ್ಲುವುದರ ಮೇಲೆ ಹೋಯಿತು. ಅಡುಗೆ ಕಟ್ಟೆ ಹಿಡಿದು ರೊಟ್ಟಿ ಬೇಯುವ ತನಕ ನಿಂತೆ. ಸಂಕ್ರಾಂತಿ ಹೊತ್ತಿಗೆ ಎರಡೂ ಹೆಜ್ಜೆ 12 ಇಂಚಿನ ಹತ್ತಿರ ಬಂದವು, ಒಂದು ಕಲ್ಲಿಗೆ ಎರಡೇ ಹೆಜ್ಜೆ.

ಪಾದಕ್ಕೆ ದಾರಿ ತೋರಿಸಿದ್ದು ನನ್ನ ಹಳೇ ಕಾಲು ಮಷಿನ್. ಬೆಲ್ಟ್ ತೆಗೆದಿಟ್ಟು ಎರಡೂ ಪಾದ ಪೆಡಲ್ ಮೇಲೆ ಇಟ್ಟೆ, ಬಲಪಾದವನ್ನು ಹಳೇ ಸೀರೆ ಅಂಚಿನಿಂದ ಪೆಡಲ್‌ಗೆ ಕಟ್ಟಿದೆ. ಎಡಗಾಲು ತುಳಿದರೆ ಬಲಪಾದವೂ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಅಂತ ಜೊತೆಗೆ ಹೋಗುತ್ತಿತ್ತು. ಫಿಸಿಯೋ ಹುಡುಗಿ ನೋಡಿ ನಿಧಾನಕ್ಕೆ ತುಳೀರಿ, ಪಾದ ತಾನೇ ನಡುಗತೊಡಗಿದರೆ ನಿಲ್ಲಿಸಿಬಿಡ್ರಿ ಅಂದಳು. ದಿನಕ್ಕೆ ಎರಡು ಸಲ 10 ನಿಮಿಷ. ನವೆಂಬರ್‌ನಲ್ಲಿ ಒಂದು ದಿನ ಎಡಗಾಲು ತೆಗೆದು ನೋಡಿದೆ, ಪೆಡಲ್ ಒಂದು ಬೆರಳಿನಷ್ಟು ಅಲುಗಿತು. ಮತ್ತೆ ತುಳಿದೆ, ಮತ್ತೆ ಅಲುಗಿತು. ಮಗಳನ್ನು ಕೂಗಿ ಕರೆದೆ.

ಎಲ್ಲರಿಗೂ ಪೆಡಲ್‌ನಿಂದ ಆಗುತ್ತದೆ ಅಂತ ಹೇಳಲಾರೆ. ನನ್ನ ಪಾದ ಇನ್ನೂ ಪೂರ್ತಿ ಏಳುವುದಿಲ್ಲ. ಹೊರಗೆ ಹೋದರೆ ಪಾದ ಜೋತುಬೀಳದ ಹಾಗೆ ಹಿಡಿದಿಡುವ ಸ್ಪ್ಲಿಂಟ್ ಶೂ ಒಳಗೆ ಹಾಕುತ್ತೇನೆ. ಸೀರೆಗೆ ಶೂ ಅಂತ ಮೊದಲು ನಾಚಿಕೆಯಾಗಿ ಚಪ್ಪಲಿಯಲ್ಲೇ ಹೋದೆ, ಹೊಸ್ತಿಲಿಗೆ ಬೆರಳು ತಾಗಿ ಬಿದ್ದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಲಕ್ವಾ ಹೊಡೆದವರಿಗೆ ಬೇಡವೇ ಬೇಡ. ಸೀರೆಯನ್ನೂ 3 ಇಂಚು ಮೇಲಕ್ಕೆ ಉಡತೊಡಗಿದೆ, ನೆರಿಗೆ ಕಾಲಿಗೆ ಸಿಗಬಾರದು. ಮೆಟ್ಟಿಲಿಗೆ ಒಂದೇ ನೇಮ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಇನ್ನು ಸುಸ್ತು. ನೋಡುವವರಿಗೆ ಅದು ಆಲಸ್ಯ ಅನಿಸಬಹುದು, ಅಲ್ಲ, ಲಕ್ವಾದ ನಂತರದ ಸುಸ್ತೇ ಬೇರೆ. ಮಧ್ಯಾಹ್ನ ಒಂದು ತಾಸು ಮಲಗಿದ ದಿನ ಸಂಜೆಯ ಹೆಜ್ಜೆ ಚೆನ್ನಾಗಿ ಬೀಳುತ್ತಿತ್ತು.

ಫಿಸಿಯೋದವರು 10 ಮೀಟರ್ ಗೆರೆ ಹಾಕಿ ಗಡಿಯಾರ ಹಿಡಿದು ನಡೆಸುತ್ತಾರೆ. ಅಕ್ಟೋಬರ್‌ನಲ್ಲಿ ನನಗೆ 40 ಸೆಕೆಂಡ್ ಬೇಕಾಯಿತು. ಸೆಕೆಂಡಿಗೆ 80 ಸೆಂಟಿಮೀಟರ್, ಅಂದರೆ 10 ಮೀಟರಿಗೆ 12ರಿಂದ 13 ಸೆಕೆಂಡ್ ಬಂದರೆ ಊರಲ್ಲಿ ಒಬ್ಬರೇ ಓಡಾಡುವ ವೇಗ ಅಂತ ಅವರ ಲೆಕ್ಕ. ನನಗೆ ಅದರ ಅರ್ಥ ಆದದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿಗೆ ಹೋದಾಗ. ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಸಮಕ್ಕೇ ಇರುತ್ತದೆ, ಮೆಟ್ಟಿಲು ಹತ್ತಬೇಕಾಗಿಲ್ಲ, ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಆದರೆ ಸ್ಟೇಷನ್ ಇರುವುದು ರಸ್ತೆಯ ನಡುವೆ, ಅಲ್ಲಿಗೆ ಮುಟ್ಟಲು ಅರ್ಧ ರಸ್ತೆ ದಾಟಬೇಕು. ಅದಕ್ಕೇ ಬೆಳಿಗ್ಗೆ ಉಣಕಲ್ ಕೆರೆ ದಂಡೆಯಲ್ಲಿ ಎರಡು ನಿಮಿಷ ಜೋರಾಗಿ, ಎರಡು ನಿಮಿಷ ನಿಧಾನ ಅಂತ ನಡೆದೆ. ಜೋರು ಅಂದರೆ ಜೊತೆಯವರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಬಿಪಿ ನೋಡಿಕೊಳ್ಳದೆ, ಗುಳಿಗೆ ನುಂಗದೆ ಹೊರಗೆ ಕಾಲಿಟ್ಟದ್ದಿಲ್ಲ. ಆರು ತಿಂಗಳಾದ ಮೇಲೆ ಇನ್ನೇನೂ ಸುಧಾರಿಸಲ್ಲ ಅಂತ ಬಹಳ ಮಂದಿ ಹೇಳಿದ್ದರು. ಆ 10 ಮೀಟರಿನ ನಡಿಗೆ 19 ಸೆಕೆಂಡಿನಿಂದ 13ಕ್ಕೆ ಬಂದದ್ದು ಆರು ತಿಂಗಳಾದ ಮೇಲೆಯೇ.

2023ರ ಪಂಚಮಿಗೆ ಧಾರವಾಡದ ತಂಗಿಯ ಮನೆಗೆ ಚಿಗರಿಯಲ್ಲಿ ಒಬ್ಬಳೇ ಹೋದೆ. ಕೈ ಇನ್ನೂ ಕತ್ತರಿ ಹಿಡಿಯುವುದಿಲ್ಲ, ಕತ್ತರಿಸುವ ಕೆಲಸ ಮಗಳದ್ದು, ಮಷಿನ್ ನನ್ನದು. ಥಂಡಿ ದಿನ ಪಾದ ಬಿಗಿಯುತ್ತದೆ. ಅಂಥ ಬೆಳಿಗ್ಗೆ ಬೆಲ್ಟ್ ಹಾಕುವ ಮೊದಲು 10 ನಿಮಿಷ ಬರೀ ಪೆಡಲ್ ತುಳಿಯುತ್ತೇನೆ, ಈಗ ಪಾದ ಕಟ್ಟದೆ.