ಡೈಗೊ ಅವರ ಕೆನ್ ನೋಡಿ ನಾನು ಕಲಿತದ್ದು

ಜಪಾನಿನ ಆಟಗಾರ ಡೈಗೊ ಉಮೆಹಾರಾ ಅಂದರೆ ಫೈಟಿಂಗ್ ಗೇಮ್ ಆಡುವವರಿಗೆ ಮೊದಲು ನೆನಪಾಗುವುದು ಸ್ಟ್ರೀಟ್ ಫೈಟರ್ ಆಟದ ರಿಯು ಅನ್ನೋ ಪಾತ್ರ. 2009 ಮತ್ತು 2010ರಲ್ಲಿ ಅವರು ಇವೊ (ಫೈಟಿಂಗ್ ಗೇಮ್‌ಗಳ ದೊಡ್ಡ ಟೂರ್ನಿ) ಗೆದ್ದದ್ದೂ ರಿಯು ಆಡಿಯೇ. ಆದರೆ ಜನ ಇವತ್ತಿಗೂ ಮತ್ತೆ ಮತ್ತೆ ನೋಡುವ ಅವರ ಮ್ಯಾಚ್‌ನಲ್ಲಿ ಇರುವುದು ಅದೇ ಸರಣಿಯ ಇನ್ನೊಂದು ಪಾತ್ರ, ಕೆನ್. 2004ರ ಇವೊ, ಆಟ ಸ್ಟ್ರೀಟ್ ಫೈಟರ್ III: ಥರ್ಡ್ ಸ್ಟ್ರೈಕ್, ಎದುರಿಗೆ ಜಸ್ಟಿನ್ ವಾಂಗ್ ಅವರ ಚುನ್-ಲಿ.

ಕೆನ್‌ಗೆ ಹೆಲ್ತ್ ಬಹುತೇಕ ಖಾಲಿ. ಚುನ್-ಲಿ ತನ್ನ ಸೂಪರ್ (ವಿಶೇಷ ದೊಡ್ಡ ದಾಳಿ, ಇಲ್ಲಿ ಒದೆಗಳ ಸುರಿಮಳೆ) ಬಿಡುತ್ತಾಳೆ. ಬ್ಲಾಕ್ ಮಾಡಿದರೂ ಅದು ಸ್ವಲ್ಪ ಹೆಲ್ತ್ ಕಿತ್ತುಕೊಳ್ಳುತ್ತದೆ, ಅಷ್ಟು ಸಾಕು ಸೋಲಲು. ಉಳಿದ ದಾರಿ ಪ್ಯಾರಿ: ಏಟು ಬೀಳುವ ಹೊತ್ತಿಗೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯ ಕಡೆ ತಟ್ಟಬೇಕು. ಡೈಗೊ 15 ಒದೆಗಳನ್ನೂ ಹಾಗೇ ತಡೆದು, ತಿರುಗಿ ಹೊಡೆದು ಗೆದ್ದರು. (ಆ ವರ್ಷದ ಗ್ರ್ಯಾಂಡ್ ಫೈನಲ್ ಅವರು ಸೋತರು ಅನ್ನೋದು ಯಾರಿಗೂ ನೆನಪಿರಲ್ಲ ಅಲ್ವಾ?)

ನಾನು ಕೆನ್ ಹಿಡಿದದ್ದು ಇದನ್ನು ನೋಡಿಯೇ. ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿ ಚುನ್-ಲಿಗೆ ಆ ಸೂಪರ್ ರೆಕಾರ್ಡ್ ಮಾಡಿ ಕೂತೆ. ಕಣ್ಣಿನಿಂದ ಕಲಿಯುವುದು ಕಷ್ಟ, ಕಾಲುಗಳು ಅಷ್ಟು ವೇಗ. ಅದಕ್ಕೇ ಶಬ್ದ ಹಿಡಿದುಕೊಂಡೆ. ಒಂದು ಕಂತು ಒದೆ, ಚಿಕ್ಕ ಬಿಡುವು, ಮತ್ತೊಂದು ಕಂತು, ಕೊನೆಗೆ ಮೇಲೆತ್ತುವ ಒಂದು ಒದೆ. ತಾಳ ಹಾಕುವ ಹಾಗೆ ತೊಡೆ ಮೇಲೆ ತಟ್ಟಿ, ಆಮೇಲೆ ಸ್ಟಿಕ್ ಮುಟ್ಟುತ್ತಿದ್ದೆ. ಜಾಸ್ತಿ ಕೈಕೊಡುತ್ತಿದ್ದದ್ದು ಬಿಡುವಿನ ನಂತರದ ಒದೆ. ಬೆರಳು ಅವಸರ ಮಾಡುತ್ತದೆ.

ಆದರೆ ನಿಜವಾದ ಕಷ್ಟ ಮೊದಲ ಒದೆಯದ್ದು. ಸೂಪರ್ ಶುರುವಾದಾಗ ಸ್ಕ್ರೀನ್ ಒಂದು ಕ್ಷಣ ನಿಲ್ಲುತ್ತದೆ. ಅದು ಮತ್ತೆ ಚಲಿಸಿದ ಕೂಡಲೇ ಕಾಲು ಬಂದಿರುತ್ತದೆ. ನೋಡಿ ತಟ್ಟುತ್ತೇನೆ ಅಂದರೆ ಆಗದು, ಬರುತ್ತದೆ ಅಂತ ಮೊದಲೇ ಊಹಿಸಿರಬೇಕು. ಡಮ್ಮಿ ಇದನ್ನು ಕಲಿಸುವುದಿಲ್ಲ. ಅದು ಯಾವಾಗ ಹೊಡೆಯುತ್ತದೆ ಅಂತ ನಮಗೆ ಗೊತ್ತೇ ಇರುತ್ತದೆ. ಹಾಗಾಗಿ ಚುನ್-ಲಿ ಆಡುವ ಗೆಳೆಯನನ್ನು ಕೂರಿಸಿಕೊಂಡು, ಮನಸ್ಸು ಬಂದಾಗ ಹೊಡಿ ಅಂದೆ.

ಅಲ್ಲಿಂದ ಮುಂದೆ ನಾನು ಆ ವಿಡಿಯೊ ನೋಡುವ ರೀತಿಯೇ ಬದಲಾಯಿತು. ಪ್ಯಾರಿ ಶುರುವಾಗುವ ಮೊದಲಿನ ಸೆಕೆಂಡುಗಳಿಗೆ ಹಿಂದೆ ಹೋದೆ. ಕೆನ್ ಎಷ್ಟು ದೂರದಲ್ಲಿ ನಿಂತಿದ್ದಾನೆ, ಚುನ್-ಲಿಗೆ ಆ ದೂರದಿಂದ ಏನೇನು ಮಾಡಬಹುದು, ಸೂಪರ್ ಬಿಟ್ಟು ಬೇರೆ ಆಸೆ ಏನಿದೆ? ನನಗೆ ಡೈಗೊ ಆಟದ ಗುರುತು ಕಾಣುವುದು ಇಲ್ಲೇ. ರಿಯು ಆಡುವಾಗಲೂ, ಸ್ಟ್ರೀಟ್ ಫೈಟರ್ Vನಲ್ಲಿ ಗೈಲ್ ಆಡುವಾಗಲೂ ಅವರು ದೂರವನ್ನು ಕಾಯುವ ಪರಿ ಒಂದೇ. ಪಾತ್ರ ಬದಲಾಗುತ್ತದೆ, ಅಷ್ಟೇ. ಕಾಂಬೊ (ಒಂದರ ಹಿಂದೊಂದು ಏಟುಗಳ ಸರಣಿ) ಮಾತ್ರ ನಕಲು ಮಾಡಿದರೆ ಸುಮ್ನೆ ಕೈ ನೋವು.

ಈಗ ನನ್ನ ಹೆಲ್ತ್ ಕಡಿಮೆ ಇರುವಾಗ ಗೆಳೆಯ ದೂರದಿಂದ ಸೂಪರ್ ಹೊಡೆಯುವುದನ್ನೇ ಬಿಟ್ಟಿದ್ದಾನೆ. ಕೂತು ಹೊಡೆಯುವ ಮೀಡಿಯಂ ಕಿಕ್ ತಾಗಿತು ಅಂತ ಖಚಿತವಾದ ಮೇಲೆಯೇ ಸೂಪರ್ ಬಿಡುತ್ತಾನೆ. ಒಮ್ಮೆ ಅದು ತಾಗಿದರೆ ಪ್ಯಾರಿಗೆ ಅವಕಾಶವೇ ಇಲ್ಲ. ಅದಕ್ಕೇ ನನ್ನ ಅಭ್ಯಾಸವೆಲ್ಲ ಈಗ ಆ ಕಿಕ್‌ಗೆ ಸಿಗದಂತೆ ಅರ್ಧ ಹೆಜ್ಜೆ ಆಚೆ ನಿಲ್ಲುವುದರ ಮೇಲೆ.